ದೇವರ ಮನೆಯಲ್ಲಿ ಕಪ್ಪಾದ ಪ್ಲೇಟು

ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ ಇತ್ತು, ಅದರಲ್ಲಿ ದೇವರಿದ್ದ. ಅಪ್ಪನಿಗೆ ಫೋಟೋ ತೊಳೆಯಲು ಕತ್ತಲೆ ಬೇಕಿತ್ತು. ಹಗಲು ಹೊತ್ತಿನಲ್ಲಿ ಕತ್ತಲೆ ಸಿಗುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ. ನಮ್ಮ ಮನೆಯ ಮುಕ್ಕಾಲು ಪಾಲು ಜಗಳ ಹುಟ್ಟಿದ್ದು ಇದೇ ಕಾರಣಕ್ಕೆ. ಅಪ್ಪ ಮೀಸೆ ಚಿಗುರುವ ವಯಸ್ಸಿನಿಂದ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವನು. ಕಲ್ಲಿನ ಧೂಳು ಎದೆಯಲ್ಲಿ ಕೂತು, ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಂತಾದಾಗ ಕೆಲಸ ಹೋಯಿತು, ಕೆಲಸದ ಜೊತೆ ಗಣಿಯವರು ಕೊಟ್ಟಿದ್ದ ಲೈನಿನ ಮನೆಯೂ ಹೋಯಿತು. ಹುಟ್ಟಿದ ಹಳ್ಳಿಗೆ ಹತ್ತಿರವೆಂದು ಬಂಗಾರಪೇಟೆಗೆ ಬಂದೆವು. ಬರುವಾಗ ಗಾಡಿಯಲ್ಲಿ ಪಾತ್ರೆ ಪಡಗದ ನಡುವೆ ಮೂರು ಕಾಲಿನ ಒಂದು ಕ್ಯಾಮೆರಾ ಇತ್ತು. ಆಂಡರ್ಸನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಮುದುಕರೊಬ್ಬರ ಅಂಗಡಿಗೆ ಅಪ್ಪ ಪಾಳಿ ಮುಗಿಸಿ ಹೋಗಿ ಕೂರುತ್ತಿದ್ದ. ಅವರು ಅಂಗಡಿ ಮುಚ್ಚುವಾಗ, ಇದನ್ನು ಆಸೆಪಟ್ಟು ನೋಡಿದವನು ನೀನೊಬ್ಬನೇ ಎಂದು ಅದನ್ನು ಅಪ್ಪನ ಹೆಗಲಿಗೆ ಹೊರಿಸಿ ಕಳಿಸಿದ್ದರು. ಅಮ್ಮ ಅದನ್ನು ತನ್ನ ಸವತಿ ಎಂದೇ ಕರೆಯುತ್ತಿದ್ದಳು.

ಪಡಸಾಲೆಯೇ ಸ್ಟುಡಿಯೋ ಆಯಿತು. ಮನೆಗೆ ಕರೆಂಟು ಇರಲಿಲ್ಲ. ಸೂರ್ಯ ಬಾಡಿಗೆ ಕೇಳೋದಿಲ್ಲವಲ್ಲ ಎಂದು ಅಪ್ಪ ಮಾಡಿನ ಒಂದು ಕಡೆ ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದ. ಬೆಳಕು ನೆತ್ತಿಯ ಮೇಲೆ ನೇರ ಬಿದ್ದು, ಕೂತವರ ಕಣ್ಣ ಕೆಳಗೆ ಮಸಿ ಮೆತ್ತಿದ ಹಾಗೆ ಫೋಟೋ ಬರತೊಡಗಿತು. ಅದಕ್ಕೆ ತನ್ನ ಮದುವೆಯ ಪಂಚೆಯನ್ನು ಗಾಜಿನ ಕೆಳಗೆ ಅಡ್ಡ ಕಟ್ಟಿದ. ಆಮೇಲೆ ಮುಖದ ಒಂದು ಪಕ್ಕ ಕತ್ತಲಾಗುತ್ತದೆಂದು, ಚಹಾ ಪೆಟ್ಟಿಗೆಯ ಒಳಗಿನ ಬೆಳ್ಳಿ ಕಾಗದವನ್ನು ಸುಕ್ಕು ಬಿಡಿಸಿ ಹಲಗೆಗೆ ಅಂಟಿಸಿ ಆ ಪಕ್ಕಕ್ಕೆ ಹಿಡಿಸಿದ. ಹಿಂದಿನ ಪರದೆ ಮೈದಾ ಹಿಟ್ಟಿನ ಚೀಲಗಳದು, ಹೊಲಿದವಳು ಅಮ್ಮ. ಅದರ ಮೇಲೆ ಅಪ್ಪ ಸುಣ್ಣ, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ ಕಲಸಿ ಅರಮನೆಯ ಮೆಟ್ಟಿಲು, ಒಂದು ಕೊಳ, ಕೊಳದಲ್ಲಿ ಒಂದು ಹಂಸ ಬರೆದ. ನೋಡಿದವರೆಲ್ಲ ಬಾತುಕೋಳಿ ಚೆನ್ನಾಗಿದೆ ಎಂದರು. ಗಿರಾಕಿಗಳಿಗೆಂದು ಒಂದು ಕೋಟು ಇತ್ತು. ದಪ್ಪಗಿದ್ದವರಿಗೆ ಅದರ ಬೆನ್ನ ಹೊಲಿಗೆ ಬಿಚ್ಚಿ, ಸಣಕಲರಿಗೆ ಹಿಂದೆ ಪಿನ್ನು ಚುಚ್ಚಿ, ಅಪ್ಪ ಊರಿನ ಎಲ್ಲರಿಗೂ ಅದನ್ನೇ ತೊಡಿಸುತ್ತಿದ್ದ. ಫೋಟೋದಲ್ಲಿ ಬೆನ್ನು ಕಾಣುವುದಿಲ್ಲವಲ್ಲ. ಅಮ್ಮನ ಹಳೆಯ ಸೀರೆಗಳೂ ಒಂದೊಂದಾಗಿ ಪರದೆಯಾದವು.

"ಮನೇಗಿರೋ ಬಟ್ಟೆಯೆಲ್ಲಾ ಗೋಡೆಗೇ ಉಡ್ಸಿಬಿಟ್ರಲ್ಲ. ನಾನೇನ್ ಉಟ್ಕಳ್ಳಿ?" ಎಂದು ಅಮ್ಮ ಕೇಳುತ್ತಿದ್ದಳು.

ಬೆಳಕು ಹೀಗೆ ಹರಕು ಮುರುಕುಗಳಿಂದ ಒದಗಿತು, ಕತ್ತಲೆ ಮಾತ್ರ ಒದಗಲಿಲ್ಲ. ರಾತ್ರಿ ತೊಳೆಯಬಹುದಿತ್ತಲ್ಲ ಎನ್ನಬೇಡಿ. ತಂಪು ಹೊತ್ತಿನಲ್ಲಿ ನೀರಿಗೆ ಕೈ ಹಾಕಿದರೆ ಅಪ್ಪನಿಗೆ ಕೆಮ್ಮು ಹತ್ತಿ ಬೆಳಗಾದರೂ ಬಿಡುತ್ತಿರಲಿಲ್ಲ. ದೇವರ ಮನೆಯೇ ಬೇಕು ಎಂದು ಅಪ್ಪ ಬಾಯಿಬಿಟ್ಟ ದಿನ ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಹಳ್ಳಿಯಲ್ಲಿ ಹೊಲ, ಎಮ್ಮೆ, ಆಳುಕಾಳುಗಳ ಮೇಲೆ ನಡೆಸಿದ್ದ ಯಜಮಾನಿಕೆಯನ್ನೆಲ್ಲ ಆ ನಾಲ್ಕು ಗೋಡೆಯೊಳಗೆ ತಂದು ಇಳಿಸಿದ್ದಳು.

"ದೇವ್ರು ಕುಂತಿರೋ ತಾವ ಆ ಗಬ್ಬುನೀರು ಮಡಗ್ತೀಯೇನ್ಲಾ?"

"ಅದು ಔಷ್ದಿ ಕಣವ್ವ."

"ದೇವ್ರಿಗೇನ್ಲಾ ಜ್ವರ ಬಂದೈತಾ?"

ಅಪ್ಪ ನಗಲಿಲ್ಲ. ಈ ಕೋಣೆ ಸಿಗದಿದ್ದರೆ ಆ ದೇವರ ಎಡೆಗೂ ಅಕ್ಕಿ ಇರುವುದಿಲ್ಲ ಎಂದು ಹೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಎರಡು ದಿನ ಯಾರೂ ಯಾರೊಂದಿಗೂ ಮಾತಾಡಲಿಲ್ಲ, ಎರಡು ದಿನವೂ ಸಾರಿಗೆ ಉಪ್ಪು ಹೆಚ್ಚಾಯಿತು. ಮೂರನೆಯ ದಿನ ಅಜ್ಜಿ ತಾನಾಗಿ ಕಟ್ಟಳೆಗಳನ್ನು ಹೇಳಿದಳು. ಮಿಂದು ಒಳಗೆ ಹೋಗಬೇಕು. ಔಷಧಿಯ ತಟ್ಟೆಗಳು ದೇವರ ಹಲಗೆಗಿಂತ ಕೆಳಗಿರಬೇಕು. ಸೂತಕದವರು, ಮುಟ್ಟಾದವರು ಹೊಸ್ತಿಲು ದಾಟಕೂಡದು. ಅಪ್ಪ ಎಲ್ಲದಕ್ಕೂ ತಲೆ ಆಡಿಸಿದ. ಸ್ಟೇಷನ್ನಿನ ಪರಿಚಯದವರೊಬ್ಬರು ಕೊಟ್ಟ, ರೈಲಿಗೆ ತೋರಿಸುವ ಕೈದೀಪದ ಕೆಂಪು ಗಾಜನ್ನು ಡಬ್ಬಕ್ಕೆ ಕೂರಿಸಿ ಒಳಗೆ ದೀಪವಿಟ್ಟ, ಕೆಂಪು ಬೆಳಕಿಗೆ ಫೋಟೋ ಕೆಡುವುದಿಲ್ಲವಂತೆ. ಆ ಕೆಂಪು ಬೆಳಕಿನಲ್ಲಿ ದೇವರ ಪಟ ನೋಡಿ ಅಜ್ಜಿಗೇ ಮನಸ್ಸು ಕರಗಿತು, ಅಮ್ಮನೋರ ಗುಡಿಯ ಹಾಗೆ ಕಾಣುತ್ತೆ ಎಂದಳು. ಅಂದಿನಿಂದ ನಮ್ಮ ದೇವರ ಮನೆಯಲ್ಲಿ ಕರ್ಪೂರದ ಜೊತೆ ಫೋಟೋ ತೊಳೆಯುವ ಹೈಪೋದ ವಾಸನೆಯೂ ಸೇರಿಕೊಂಡಿತು.

ಅಜ್ಜಿಯ ಕಟ್ಟಳೆಯಿಂದಲೇ ನಾನು ಆ ಕೆಲಸಕ್ಕೆ ಬಿದ್ದೆ. ಅಪ್ಪ ಒಳಗೆ ಹೋದರೆ ಔಷಧಿಯ ಘಾಟಿಗೆ ಉಸಿರು ಕಟ್ಟುತ್ತಿತ್ತು. ಅಮ್ಮ ಕಲಿತಳು, ಆದರೆ ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಾಗುತ್ತಿತ್ತು, ಗಿರಾಕಿಗಳು ಆ ಲೆಕ್ಕ ನೋಡಿ ಬರುತ್ತಿರಲಿಲ್ಲ. ಮೈಲಿಗೆ ಇನ್ನೂ ತಾಕದ ಹೆಣ್ಣು ಮನೆಯಲ್ಲಿ ನಾನೊಬ್ಬಳೇ. ಗಡಿಯಾರವಿಲ್ಲದ ನಮಗೆ ಅಪ್ಪ ಮಗ್ಗಿಯನ್ನೇ ಗಡಿಯಾರ ಮಾಡಿದ. ಫೋಟೋ ಮೂಡುವ ಗಾಜಿನ ಪ್ಲೇಟನ್ನು ಮೊದಲ ತಟ್ಟೆಯ ಔಷಧಿ ನೀರಿನಲ್ಲಿ ಅಲುಗಿಸುತ್ತ ಹನ್ನೆರಡರಿಂದ ಹದಿನಾರರವರೆಗೆ ಮಗ್ಗಿ ಹೇಳಬೇಕು, ನಿಧಾನವಾಗಿ, ನುಂಗದೆ. ಶಾಲೆಯಲ್ಲಿ ಮಗ್ಗಿ ತಪ್ಪಿದರೆ ಒಂದು ಏಟು ಬೀಳುತ್ತಿತ್ತು, ಇಲ್ಲಿ ತಪ್ಪಿದರೆ ಒಬ್ಬರ ಮುಖವೇ ಹೋಗುತ್ತಿತ್ತು. ಹದಿಮೂರರ ಮಗ್ಗಿಗೆ ಬಿಳಿ ಅಂಗಿಗಳು ಕಪ್ಪಾಗಿ ಮೂಡುತ್ತಿದ್ದವು, ಆಮೇಲೆ ಕೈಗಳು, ಆಮೇಲೆ ಮುಖಗಳು. ನನಗೆ ಆ ಕೋಣೆಯಲ್ಲಿ ಬಹಳ ಸುಖವಿತ್ತು. ಹೊರಗೆ ನಾನು ನೀರು ಸೇದುವ, ಬೈಸಿಕೊಳ್ಳುವ ಹುಡುಗಿ. ಒಳಗಿದ್ದಾಗ ಯಜಮಾನಿಯಾದ ಅಜ್ಜಿಯೂ ಬಾಗಿಲ ಹೊರಗೆ ನಿಂತು ನಾನು ಹೂಂ ಅನ್ನುವವರೆಗೆ ಕಾಯಬೇಕಿತ್ತು.

ಮುನಿಸಾಮಿ ಮಾವ ಬಂದದ್ದು ಆ ದಿನಗಳಲ್ಲಿ. ಅವನೂ ಅಪ್ಪನೂ ಗಣಿಯಲ್ಲಿ ಒಂದೇ ತಂಡದವರು, ಒಂದೇ ಧೂಳು ಕುಡಿದವರು. ಅವನ ಎದೆ ಅಪ್ಪನದಕ್ಕಿಂತ ಬೇಗ ಸೋತಿತ್ತು. ಚಾಂಪಿಯನ್ನಿನಿಂದ ರೈಲಿನಲ್ಲಿ ಬಂದವನು ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಐದು ಕಡೆ ಕೂತನಂತೆ. ಜೊತೆಯಲ್ಲಿ ಹೆಂಡತಿ ಸೆಲ್ವಿ ಅತ್ತೆ, ಮೂರು ವರ್ಷದ ಮಗಳು ವಳ್ಳಿ. ಅತ್ತೆ ಅಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

"ಅವ್ರದು ಒಂದ್ ಪೋಟೋನೂ ಇಲ್ಲಣ್ಣ ನಮ್ತಾವ. ಪಾಪುಗೆ ತೋರ್ಸಾಕೆ ಒಂದು ಬೇಕು."

ಪ್ಲೇಟುಗಳು ಬೆಂಗಳೂರಿನಿಂದ ಬರಬೇಕಿತ್ತು, ಡಬ್ಬದಲ್ಲಿ ಉಳಿದಿದ್ದದ್ದು ಒಂದೇ. ಅಪ್ಪ ಅದನ್ನು ಯಾರಿಗೋ ಎತ್ತಿಟ್ಟಿದ್ದ, ಈಗ ಅದನ್ನೇ ತೆಗೆದ. ಏಣಿ ಹತ್ತಬಾರದವನು ಹತ್ತಿ ಗಾಜಿನ ಹೆಂಚು ಒರೆಸಿದ, ಪಂಚೆಯನ್ನು ಬಿಗಿಯಾಗಿ ಎಳೆದು ಕಟ್ಟಿದ. ಕೋಟಿಗೆ ಹಿಂದೆ ಏಳೆಂಟು ಪಿನ್ನು ಬೇಕಾಯಿತು. ವಳ್ಳಿಯನ್ನು ಮಾವನ ತೊಡೆಯ ಮೇಲೆ ಕೂರಿಸಿ, ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿದ. ನಾನು ಮಣೆಯ ಮೇಲೆ ಕೂತು ಬೆಳ್ಳಿ ಕಾಗದದ ಹಲಗೆಯನ್ನು ಮಾವನ ಕೆನ್ನೆಗೆ ಬೆಳಕು ತಾಕುವಂತೆ ಹಿಡಿದೆ. ಬೆಳಗಿನಿಂದ ಹೊಟ್ಟೆ ಹಿಂಡುತ್ತಿತ್ತು, ಹಸಿವಿರಬೇಕು ಎಂದುಕೊಂಡಿದ್ದೆ. ಅಪ್ಪ ಉಸಿರು ಬಿಗಿ ಹಿಡಿ ಎಂದ, ಮಾವ ಹಿಡಿದ, ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕುವವರೆಗೆ ಅಪ್ಪನೂ ಹಿಡಿದ. ಮುಚ್ಚಳ ಬಿದ್ದದ್ದೇ ಇಬ್ಬರಿಗೂ ಒಟ್ಟಿಗೆ ಕೆಮ್ಮು ಬಂತು. ಕೆಮ್ಮು ಕೆಮ್ಮುತ್ತ ಒಬ್ಬರನ್ನೊಬ್ಬರು ನೋಡಿ ನಗಲು ಹೋಗಿ ಇನ್ನಷ್ಟು ಕೆಮ್ಮಿದರು. ಆಮೇಲೆ ಅಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಮಾವ ಎರಡು ತುತ್ತು ನುಂಗಿ ಉಳಿದದ್ದನ್ನು ವಳ್ಳಿಗೆ ಕೊಟ್ಟ. ಎಂಟು ದಿನ ಬಿಟ್ಟು ಫೋಟೋ ಕೊಡುವುದೆಂದು ಮಾತಾಯಿತು, ಅವರು ರೈಲಿಗೆ ಹೊರಟರು.

ಅಪ್ಪನಿಗೆ ಏಣಿ ಹತ್ತಿದ ಸುಸ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಉರುಳಿಕೊಂಡು, ನೀನೇ ತೊಳಿಯಮ್ಮ, ಜೋಪಾನ ಎಂದ. ಅಮ್ಮ ಬಾವಿಗೆ ಹೋಗಿದ್ದಳು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಬಾಗಿಲಿಗೆ ಅಗುಳಿ ಇರಲಿಲ್ಲ, ಮೊಳೆಗೆ ಒಂದು ದಾರ ಸುತ್ತುತ್ತಿದ್ದೆವು, ದೇವರ ಮನೆಗೆ ಯಾರು ಅಗುಳಿ ಹಾಕುತ್ತಾರೆ. ಪ್ಲೇಟನ್ನು ನೀರಿಗೆ ಬಿಟ್ಟು ಮಗ್ಗಿ ಹಿಡಿದೆ. ಹನ್ನೆರಡು ಮುಗಿಯಿತು, ಹದಿಮೂರು ಮುಗಿಯಿತು, ಮೂವರೂ ಮೂಡಿದರು. ಹದಿನಾಲ್ಕರ ನಡುವೆ ಇದ್ದಾಗ ಹೊರಗೆ ಅಜ್ಜಿಯ ಕೂಗು ಕೇಳಿತು. ನಾನು ಕೂತು ಎದ್ದಿದ್ದ ಮಣೆಯನ್ನು ಎತ್ತಿಡಲು ಹೋದವಳು ಅದರ ಮೇಲಿದ್ದ ಕಲೆ ನೋಡಿದ್ದಳು. ನನಗೇ ಗೊತ್ತಿರದ ಸುದ್ದಿ ಅಜ್ಜಿಗೆ ಗೊತ್ತಾಗಿತ್ತು.

"ಅಯ್ಯೋ ಮುಂಡೇದೇ, ದೇವ್ರತಾವ ಓಗಿ ಕುಂತಿದೀಯಲ್ಲೇ. ಈಚೆ ಬಾರೇ."

"ಅವ್ವಾ, ಬಾಗ್ಲು ತೆಗೀಬ್ಯಾಡ," ಎಂದು ಅಪ್ಪ ಚಾಪೆಯಿಂದ ಕೂಗಿದ. ಅಷ್ಟರಲ್ಲಿ ದಾರ ಕಿತ್ತು ಬಂದಿತ್ತು. ಮೂರು ಗಂಟೆಯ ಬೆಳಕು ನನ್ನ ಮೇಲೆ, ದೇವರ ಪಟಗಳ ಮೇಲೆ, ತಟ್ಟೆಯ ಮೇಲೆ ಬಿತ್ತು. ನಾನು ಎರಡು ಕೈಯಿಂದ ತಟ್ಟೆ ಮುಚ್ಚಲು ನೋಡಿದೆ. ಬೆರಳ ಸಂದಿಯಲ್ಲಿ ಪ್ಲೇಟು ಕಪ್ಪಾಗುವುದು ಕಾಣುತ್ತಿತ್ತು, ಅಂಚಿನಿಂದ ಅಲ್ಲ, ಎಲ್ಲ ಕಡೆಯೂ ಒಟ್ಟಿಗೆ. ಅಜ್ಜಿ ನನ್ನ ಜಡೆ ಹಿಡಿದು ಹೊರಗೆಳೆದಳು. ಅಪ್ಪ ಬಂದು ತಟ್ಟೆ ನೋಡಿದ, ಅಜ್ಜಿಯನ್ನು ನೋಡಿದ, ಮತ್ತೆ ಹೋಗಿ ಮಲಗಿದ. ಒಂದು ಬೈಗುಳವೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಪಡಸಾಲೆಯ ಒಂದು ಮೂಲೆಯಲ್ಲಿ ಹಸಿರು ಸೊಪ್ಪಿನ ಗುಡ್ಲು ಕಟ್ಟಿ ನನ್ನನ್ನು ಕೂರಿಸಿದರು. ಸೋದರಮಾವ ಹಳ್ಳಿಯಿಂದ ಸೊಪ್ಪು ತಂದ, ಅಮ್ಮ ಚಿಗಳಿ, ಕೊಬ್ಬರಿ, ತುಪ್ಪ ಎಂದು ತಿನ್ನಿಸಿದಳು, ಬೀದಿಯ ಹೆಂಗಸರು ಬಂದು ಆರತಿ ಎತ್ತಿದರು. ಅಜ್ಜಿ ದೇವರ ಮನೆಯನ್ನು ಗಂಜಳ ಹಾಕಿ ತೊಳೆದು, ಅಪ್ಪನ ತಟ್ಟೆಗಳನ್ನು ಹಿತ್ತಲಿಗೆ ತಂದಿಟ್ಟಳು. ನಾನು ಸೊಪ್ಪಿನ ಸಂದಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಹೊಸ ಪ್ಲೇಟು ಬಂದ ಕೂಡಲೇ ಮುನಿಸಾಮಿಯನ್ನು ಮತ್ತೆ ಕರೆಸುತ್ತೇನೆ ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಕೇಳಿ ನನಗೆ ಜೀವ ಬಂದಂತಾಗಿತ್ತು. ಆರನೆಯ ದಿನ ಮುನಿಸಾಮಿ ಮಾವ ತೀರಿಕೊಂಡನೆಂದು ಸುದ್ದಿ ಬಂತು. ಅಪ್ಪ ಮಣ್ಣಿಗೆ ಹೋದ. ಹೆಣದ ಫೋಟೋವಾದರೂ ತೆಗೆಯೋಣವೆಂದರೆ ಪ್ಲೇಟು ಇನ್ನೂ ಬಂದಿರಲಿಲ್ಲ, ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದ. ಫೋಟೋದ ವಿಷಯ ಅಲ್ಲಿ ಯಾರೂ ಕೇಳಲಿಲ್ಲ, ಅವನೂ ಎತ್ತಲಿಲ್ಲ. ನನ್ನ ಹತ್ತನೆಯ ದಿನಕ್ಕೆ ಸೆಲ್ವಿ ಅತ್ತೆಯ ತಮ್ಮ ಬಂದು ಬಾಗಿಲಲ್ಲಿ ನಿಂತ.

"ಅಕ್ಕ ಪೋಟೋ ಇಸ್ಕೊಂಡ್ ಬಾ ಅಂದ್ಲಣ್ಣ. ಕಾರ್ಯಕ್ಕೆ ಮಡಗಬೇಕು."

ಅಪ್ಪ ತುಂಬ ಹೊತ್ತು ಕೆಮ್ಮಿದ. ಅದರಲ್ಲಿ ಅರ್ಧ ಕೆಮ್ಮು ಸುಳ್ಳು, ಅವನ ಕೆಮ್ಮು ನನಗೆ ಗೊತ್ತಿರಲಿಲ್ಲವೇ.

"ಪೋಟೋ ಬರ್ಲಿಲ್ಲಪ್ಪ. ನಮ್ ಮಗ್ಳು ದೊಡ್ಡೋಳಾಗಿದ್ದು ಯಾರ್ಗೂ ಗೊತ್ತಾಗ್ಲಿಲ್ಲ. ಅಂಗೇ ದೇವ್ರ ಮನೆಗೆ ಓಗಿ ಪ್ಲೇಟು ಮುಟ್ಬುಟ್ಲು. ಕಪ್ಪಾಗೋಯ್ತು."

ಆ ಹುಡುಗ ಗುಡ್ಲಿನ ಕಡೆ ನೋಡಿದ. ನೋಡಿ, ಹೊಸ್ತಿಲ ಒಳಗಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅಂಗಾದ್ರೆ ಎಂಗುಳೀತೈತಣ್ಣ ಎಂದ. ಇನ್ನೇನೂ ಕೇಳದೆ ರೈಲಿನ ಹೊತ್ತಾಯಿತೆಂದು ಹೋದ. ಅವನು ಹೋದ ಮೇಲೆ ಅಪ್ಪ ಗುಡ್ಲಿನ ಹತ್ತಿರ ಬಂದು, ನನ್ನ ಮುಖ ಕಾಣದ ಹಾಗೆ ಗೋಡೆಗೆ ಒರಗಿ ಕೂತ.

"ಅಪ್ಪಾ, ಬೆಳಕು ಬಿದ್ದಿದ್ದಕ್ಕಲ್ವಾ ಓಗಿದ್ದು?"

"ಬೆಳಕೇ ಕಣಮ್ಮ."

"ಮತ್ಯಾಕ್ ಅಂಗಂದೆ?"

"ನಿಮ್ಮಜ್ಜಿ ಅಂದ್ರೆ ಅವ್ರು ಶಾಪ ಆಕ್ತಾರೆ. ನಾನೇ ಕೆಡಿಸ್ದೆ ಅಂದ್ರೆ ನಾಳಿಂದ ಈ ಮನೆಗ್ಯಾರೂ ಬರಾಕಿಲ್ಲ. ಇದಾದ್ರೆ ಯಾರೂ ಏನೂ ಕೇಳಲ್ಲ."

ಅವನ ಲೆಕ್ಕ ಸರಿಯಾಗಿಯೇ ಇತ್ತು, ಯಾರೂ ಏನೂ ಕೇಳಲಿಲ್ಲ. ಅಪ್ಪ ಕೆಟ್ಟವನಲ್ಲ. ಎದೆಯೊಳಗೆ ಕಲ್ಲು ಹೊತ್ತು ನಾಲ್ಕು ಬಾಯಿಗೆ ಮುದ್ದೆ ಹಾಕಿದವನು. ಆದರೂ ಇಷ್ಟು ವಯಸ್ಸಾದ ಮೇಲೂ ನನಗೆ ಅವನ ಮೇಲೆ ಆ ಸಿಟ್ಟು ಹೋಗಿಲ್ಲ. ಅಜ್ಜಿಗೆ ಬೆಳಕಿನ ವಿಷಯ ತಿಳಿಯದು, ಅವಳು ನಂಬಿದ್ದನ್ನು ಮಾಡಿದಳು. ಅಪ್ಪನಿಗೆ ತಿಳಿದಿತ್ತು. ಬೆಳಕು ಏನು ಮಾಡುತ್ತದೆ ಎಂದು ನನಗೆ ಕಲಿಸಿದವನೇ ಅವನು.

ದೇವರ ಮನೆ ಮತ್ತೆ ಸಿಗಲಿಲ್ಲ. ಅಪ್ಪ ಬಚ್ಚಲ ಗೋಡೆಯ ಸಂದಿಗಳಿಗೆ ಗೋಣಿ ತುರುಕಿ, ಒಳಗೆಲ್ಲ ಮಸಿ ಬಳಿದು, ಬಾಗಿಲಿಗೆ ಮೊದಲು ಅಗುಳಿ ಹಾಕಿಸಿದ. ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು, ಬತ್ತೀಯೇನಮ್ಮ ಎಂದ. ಹೋದೆ. ಕೆಲಸ ನನಗೆ ಬೇಕಿತ್ತು, ಅಪ್ಪನ ಜೊತೆ ಮಾತು ಬೇಕಿರಲಿಲ್ಲ. ತಿಂಗಳ ಆ ಮೂರು ದಿನಗಳಲ್ಲಿ ಅಜ್ಜಿ ನನ್ನನ್ನು ಹಿತ್ತಲ ಜಗಲಿಯ ಮೇಲೆ ಕೂರಿಸುತ್ತಿದ್ದಳು. ಬಚ್ಚಲು ಅಲ್ಲಿಂದ ನಾಲ್ಕು ಹೆಜ್ಜೆ. ಅವಳು ಮಧ್ಯಾಹ್ನ ಕಣ್ಣು ಮುಚ್ಚಿದ ಕೂಡಲೇ ನಾನು ಒಳಗೆ ಹೋಗಿ ಪ್ಲೇಟು ತೊಳೆಯುತ್ತಿದ್ದೆ. ಒಂದೂ ಕಪ್ಪಾಗಲಿಲ್ಲ. ಕಪ್ಪಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಪ್ರತಿ ಸಲ ಹದಿನಾಲ್ಕರ ಮಗ್ಗಿಗೆ ಬಂದಾಗ ನಾಲಗೆ ಒಣಗುತ್ತಿತ್ತು. ಬೀದಿಯಲ್ಲಿ ಯಾರ ಹಪ್ಪಳ ಕೆಟ್ಟರೂ, ಯಾರ ಉಪ್ಪಿನಕಾಯಿ ಬೂಸರು ಹಿಡಿದರೂ, ನಾರಾಯಣನ ಮಗಳು ಫೋಟೋ ಕಪ್ಪು ಮಾಡಿದಳಲ್ಲ, ಹಾಗೆ ಎನ್ನುತ್ತಿದ್ದರು. ಊರಿಗೆಲ್ಲ ಹೇಳಿ ಪ್ರಯೋಜನವಿಲ್ಲ, ಸೆಲ್ವಿ ಅತ್ತೆ ಒಬ್ಬಳಿಗಾದರೂ ನಿಜ ಹೇಳಬೇಕು ಎಂದು ನನ್ನೊಳಗೆ ಕುದಿಯುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ಅಮ್ಮನಿಗೆ ಹೇಳಿಬಿಟ್ಟೆ. ಹೊರಗೆ ಕೂತ ಎರಡನೆಯ ದಿನವೇ ಸೆಲ್ವಿ ಅತ್ತೆಯ ಮನೆಗೆ ಹೋಗುತ್ತೇನೆ, ಬೇಕೆಂದೇ ಹೋಗುತ್ತೇನೆ ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಎದ್ದು ಹೋಗಿ ಒಂದಿಷ್ಟು ಹುರಿಗಡಲೆ, ಬೆಲ್ಲ ಗಂಟು ಕಟ್ಟಿ ತಂದಳು.

"ಮಗೀಗೆ ಕೊಡು. ಅಜ್ಜಿಗೆ ನಾನೇನಾನಾ ಯೇಳ್ಕೋತೀನಿ. ಬಿರ್ನೆ ಬಂದ್ಬುಡು."

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಲೈನಿನ ಮನೆಗಳ ನಡುವೆ ದಾರಿ ಕೇಳುತ್ತ ಹೋದೆ. ಸೆಲ್ವಿ ಅತ್ತೆ ತಮ್ಮನ ಮನೆಯಲ್ಲಿದ್ದಳು, ಅವನು ಪಾಳಿಗೆ ಹೋಗಿದ್ದ. ಗೋಡೆಯ ಮೇಲೆ ಮಾವ ಗಣಿಗೆ ಹಾಕಿಕೊಂಡು ಹೋಗುತ್ತಿದ್ದ ಟೋಪಿಯನ್ನು ತೂಗುಹಾಕಿ ಹೂ ಮುಡಿಸಿದ್ದರು. ನನ್ನನ್ನು ಗುರುತು ಹಿಡಿದು ಅತ್ತೆ ಮೊರ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ನಾನು ಕೂರದೆ, ವರ್ಷದಿಂದ ಬಾಯಿಪಾಠ ಮಾಡಿಟ್ಟದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅತ್ತೆ, ಪೋಟೋ ನನ್ನಿಂದ ಓಗಿದ್ದಲ್ಲ. ನಮ್ಮಜ್ಜಿ ಬಾಗ್ಲು ತೆಗೆದ್ಲು, ಬೆಳಕು ಬಿತ್ತು. ಅಪ್ಪ ಸುಳ್ಳೇಳಿದ್ದು."

ಅತ್ತೆ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು.

"ಯಾರಿಂದ ಓದ್ರೇನಮ್ಮಾ. ನಂಗೆ ಅವ್ರ ಮೊಗಾನೇ ಮರ್ತು ಓಗ್ತಾ ಐತೆ. ಕಣ್ ಮುಚ್ಚಿದ್ರೆ ಕೆಮ್ಮೋದು ಕೇಳ್ತೈತೆ, ಮೊಗ ಬರಾಕಿಲ್ಲ."

ನಾನು ಕೂತುಬಿಟ್ಟೆ. ನಾಚಿಕೆಯಾಯಿತು. ಒಂದು ವರ್ಷ ಪೂರ್ತಿ ನಾನು ಯೋಚಿಸಿದ್ದು ನನ್ನ ಮೇಲಿನ ಮಾತನ್ನು ಕುರಿತು ಮಾತ್ರ. ಅವರ ಮನೆಯಲ್ಲಿ ಒಬ್ಬ ಮನುಷ್ಯ ಎರಡನೆಯ ಸಲ ಹೋಗುತ್ತಿದ್ದಾನೆ ಎನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಅತ್ತೆ ತಲೆ ಎತ್ತಿ ನನ್ನನ್ನು ನೋಡಿದಳು.

"ಬಾಗ್ಲು ತೆಗೆಯಾಕ್ ಮುಂಚೆ ನೀನ್ ನೋಡಿದ್ಯಾ? ಗಾಜ್ನಾಗೆ ಬಂದಿದ್ರಾ ಅವ್ರು?"

"ಬಂದಿದ್ರು ಅತ್ತೆ."

"ಎಂಗಿದ್ರು?"

ಕೋಟು ಹಾಕಿದ್ದರು ಎಂದೆ. ವಳ್ಳಿ ತೊಡೆಯ ಮೇಲಿದ್ದಳು, ಅವಳ ಮೊಣಕಾಲ ಮೇಲೆ ಕೈ ಇಟ್ಟಿದ್ದರು, ನೀವು ಪಕ್ಕದಲ್ಲಿ ನಿಂತಿದ್ದಿರಿ ಎಂದೆ. ಅಷ್ಟೂ ನಿಜ.

"ನಗ್ತಾ ಇದ್ರಾ?"

ಪ್ಲೇಟಿನಲ್ಲಿ ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಮೂಡುತ್ತದೆ. ಕೆಂಪು ದೀಪದಲ್ಲಿ ಮುಖವೆಂದರೆ ಹೆಬ್ಬೆಟ್ಟಿನಷ್ಟು ಕಪ್ಪು ಗುರುತು. ನಕ್ಕರೋ ಅತ್ತರೋ ನೋಡಿದವರಿಗೆ ತಿಳಿಯುವುದಿಲ್ಲ. ಉಸಿರು ಬಿಗಿಹಿಡಿದು ಕೂತ ಮನುಷ್ಯ ನಗುವುದಾದರೂ ಎಲ್ಲಿಂದ.

"ಊಂ ಅತ್ತೆ. ನಗ್ತಾ ಇದ್ರು."

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟು, ಹೊರಗೆ ಆಡುತ್ತಿದ್ದ ಮಗಳನ್ನು ಕರೆದಳು.

"ವಳ್ಳೀ, ಇಂಗೆ ವಾ. ಅಕ್ಕ ಅಪ್ಪಾನ ಪೋಟೋ ನೋಡವ್ಳೆ. ಕುಂತ್ಕೊಂಡು ಕೇಳು."

ವಳ್ಳಿ ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ನನ್ನ ಬಾಯಿಯನ್ನೇ ನೋಡಿದಳು. ನಾನು ಮೊದಲಿನಿಂದ ಮತ್ತೆ ಹೇಳಿದೆ. ಈ ಸಲ, ನಿನ್ನಪ್ಪ ಕ್ಯಾಮೆರಾ ಕಡೆ ನೋಡಲೇ ಇಲ್ಲ, ನಿನ್ನನ್ನೇ ನೋಡುತ್ತಿದ್ದರು ಎಂದೂ ಸೇರಿಸಿದೆ.